ಫಿಲೀನಾ ಹೇಳಿದ ‘ಹೌದು’

ನನ್ನನ್ನು ಈ ಓಣಿಯವರು ರುಹಾಮಾ ಎಂದು ಕರೆಯುತ್ತಾರೆ. ಅದು ನಾನೇ ಇಟ್ಟುಕೊಂಡ ಹೆಸರೆಂದು ಎಲ್ಲರಿಗೂ ಅನುಮಾನವಿದೆ, ಆದರೆ ಯಾರೂ ಬಾಯಿ ಬಿಡುವುದಿಲ್ಲ. ಏಳು ವರ್ಷದ ಹಿಂದೆ ಮೇರಿಲ್ಯಾಂಡಿನ ಹೊಗೆಸೊಪ್ಪಿನ ಹೊಲದಿಂದ ತಪ್ಪಿಸಿಕೊಂಡು ಗುಲಾಮಗಿರಿಯಿಲ್ಲದ ಪೆನ್ಸಿಲ್ವೇನಿಯಕ್ಕೆ ಬಂದಾಗ ನಾನು ಡಾರ್ಕಸ್. ಟೋಬಿಯಾಸ್ ಗ್ರೂಮ್ ಎಂಬ ದಣಿಯ ಗುಲಾಮಳು. ಆ ಹಳೆಯ ಹೆಸರನ್ನು ನಾನು ಹೇಳಿಕೊಂಡಿದ್ದು ಪಕ್ಕದ ಮನೆಯ ಫಿಲೀನಾ ರಡ್ ಒಬ್ಬಳಿಗೇ.

ಫಿಲೀನಾ ನನ್ನ ಹಾಗೆ ಓಡಿಬಂದವಳಲ್ಲ. ಅವಳು ಇದೇ ಓಣಿಯಲ್ಲಿ ಹುಟ್ಟಿದವಳು. ಅವಳಾಗಲಿ ಅವಳನ್ನು ಹೆತ್ತವಳಾಗಲಿ ಯಾರ ಸೊತ್ತೂ ಆಗಿದ್ದವರಲ್ಲ. ನಾವಿಬ್ಬರೂ ಸೇರಿ ಊರಿನ ಬಿಳಿಯರ ಬಟ್ಟೆ ಒಗೆಯುತ್ತಿದ್ದೆವು. ನಾನು ಹಂಡೆಯಲ್ಲಿ ಬೇಯಿಸಿ ಕುಕ್ಕುವವಳು, ಅವಳು ಹಿಂಡಿ ಒಣಹಾಕುವವಳು.

ನಮ್ಮ ಓಣಿಯಲ್ಲಿ ಒಂದು ಪದ್ಧತಿಯಿತ್ತು. ಗುರುತಿಲ್ಲದ ಬಿಳಿಯನೊಬ್ಬ ಯಾರದೋ ಹೆಸರು ಹಿಡಿದು ಹುಡುಕಿಕೊಂಡು ಬಂದರೆ, ಎದುರಿಗೆ ಸಿಕ್ಕ ಹುಟ್ಟುಸ್ವತಂತ್ರರು ‘ಹೌದು, ನಾನೇ’ ಎಂದುಬಿಡಬೇಕು. ಅವನು ಅವರನ್ನು ಎಳೆದುಕೊಂಡು ಜಡ್ಜಿಯ ಹತ್ತಿರ ಹೋಗುವಷ್ಟರಲ್ಲಿ ನಿಜವಾದವರು ಊರು ಬಿಟ್ಟಿರುತ್ತಿದ್ದರು. ಅಲ್ಲಿ ಅರ್ಧ ಓಣಿಯೇ ಹೋಗಿ ಸಾಕ್ಷಿ ಹೇಳುತ್ತಿತ್ತು, ಬಂದವನು ಮುಖಕ್ಕೆ ಮಸಿ ಬಳಿಸಿಕೊಂಡು ಹೋಗುತ್ತಿದ್ದ. ಒಮ್ಮೆ ಇಪ್ಪತ್ತರ ಹುಡುಗಿಯನ್ನು ಕೇಳಿಕೊಂಡು ಬಂದವನಿಗೆ ಹಲ್ಲಿಲ್ಲದ ಜಿಲ್ಪಾ ಅಜ್ಜಿ, “ನಾನೇ ಕಣಪ್ಪಾ ಅವಳು, ನಿನ್ ದಾರಿ ಕಾದೂ ಕಾದೂ ಹಿಂಗಾಗ್ಬಿಟ್ಟೆ” ಎಂದಿದ್ದಳು. ವಾರಗಟ್ಟಲೆ ನಕ್ಕಿದ್ದೆವು.

ಕಳೆದ ಶರತ್ಕಾಲದಲ್ಲಿ ವಾಷಿಂಗ್ಟನ್ನಿನ ದೊಡ್ಡವರು ಹೊಸ ಕಾನೂನು ಹೊಸೆದರು. ಓಡಿಹೋದ ಗುಲಾಮರೆಂದು ಯಾರನ್ನಾದರೂ ಹಿಡಿದರೆ ಇನ್ನು ಜಡ್ಜಿ ಬೇಡ, ಪಂಚರು ಬೇಡ, ಕಮಿಷನರ್ ಎಂಬ ಒಬ್ಬನೇ ಸಾಕು. ಹಿಡಿದವನು ಆಣೆ ಮಾಡಿದರೆ ಮುಗಿಯಿತು. ಸಿಕ್ಕಿಬಿದ್ದವರು ತಮ್ಮ ಪರವಾಗಿ ಒಂದು ಮಾತೂ ಆಡುವಂತಿಲ್ಲ. ನಮ್ಮ ಪಾದ್ರಿ ಅದನ್ನು ಚರ್ಚಿನಲ್ಲಿ ಓದಿ ಹೇಳಿದಾಗ ಕೇಳಿದೆವು, ಹೊರಗೆ ಬಂದು ಕ್ಯಾಕರಿಸಿ ಉಗಿದೆವು. ಹಳೆಯ ಪದ್ಧತಿಯನ್ನು ಬಿಡಬೇಕೆಂದು ಮಾತ್ರ ಒಬ್ಬರ ಬುದ್ಧಿಗೂ ಹೊಳೆಯಲಿಲ್ಲ.

ಸೋಮವಾರ ಬೆಳಿಗ್ಗೆ ನಾನು ಹಿತ್ತಿಲಲ್ಲಿ ಹಂಡೆಗೆ ಸೌದೆ ಒಟ್ಟುತ್ತಿದ್ದೆ. ಮುಂದುಗಡೆ ಫಿಲೀನಾ ಹಗ್ಗದ ಮೇಲೆ ದುಪ್ಪಟಿ ಹರವುತ್ತಿದ್ದುದು ಸಂದಿಯಲ್ಲಿ ಕಾಣುತ್ತಿತ್ತು. ಇಬ್ಬರು ಕಾನ್‌ಸ್ಟೇಬಲ್‌ಗಳ ಜೊತೆ ಪ್ರೌಟ್ ಎಂಬವನು ಬಂದ. ಮನುಷ್ಯರನ್ನು ಹಿಡಿದು ತೆಂಕಣಕ್ಕೆ ಸಾಗಿಸುವುದೇ ಅವನ ಕಸುಬು.

“ಡಾರ್ಕಸ್ ಅಂದ್ರೆ ಯಾರಮ್ಮಾ ಇಲ್ಲಿ?” ಅವನ ದನಿಯಲ್ಲಿ ಬೆಣ್ಣೆ.

“ಹೌದು, ನಾನೇ. ಏನಾಗ್ಬೇಕಿತ್ತು? ಬಟ್ಟೆ ಒಗೆಸ್ಬೇಕಾ? ಮೈಮೇಲಿರೋದ್ನ ನೋಡಿದ್ರೆ ಹಂಗೇ ಕಾಣ್ಸುತ್ತೆ.”

ಕಾನ್‌ಸ್ಟೇಬಲ್‌ಗಳೂ ನಕ್ಕರು. ಪ್ರೌಟ್ ನಗಲಿಲ್ಲ. “ಕೇಳಿಸ್ಕೊಂಡ್ರಲ್ಲ? ಅವಳ ಬಾಯಿಂದ್ಲೇ ಬಂತು, ಇಬ್ಬರೂ ಸಾಕ್ಷಿ” ಎಂದು ಬರೆದುಕೊಂಡ. ಅವಳ ಒದ್ದೆ ಕೈಗಳಿಗೆ ಹಗ್ಗ ಬಿತ್ತು.

ನಾನು ಹಂಡೆಯ ಹಿಂದೆ ಕುಕ್ಕರುಗಾಲಲ್ಲಿ ಕೂತಿದ್ದೆ. ಮಧ್ಯಾಹ್ನದೊಳಗೆ ಬಿಟ್ಟುಬಿಡುತ್ತಾರೆ ಎಂದುಕೊಂಡೆ. ಹಾಗೆಂದು ಈಗ ಹೇಳಿಕೊಳ್ಳುತ್ತೇನೆ. ನಿಜ ಹೇಳಬೇಕೆಂದರೆ ನನಗೆ ಕೈಕಾಲು ಆಡಲಿಲ್ಲ. ಅವಳನ್ನು ಓಣಿ ದಾಟಿಸಿದ ಮೇಲೆಯೇ ನಾನು ಎದ್ದು ಬಾಯಿ ಬಡಿದುಕೊಂಡು ಅವಳ ಹಿಂದೆ ಓಡಿದ್ದು.

ಅದೇ ದಿನ, ಕುದುರೆ ಜೀನು ಹೊಲಿಯುವವನ ಅಂಗಡಿಯ ಮಹಡಿಯಲ್ಲಿ ವಿಚಾರಣೆ. ನೋಡಲು ಊರಿನ ಬಿಳಿಯರು ಕಿಕ್ಕಿರಿದಿದ್ದರು. ಭಾನುವಾರ ಕಣ್ಣುಮುಚ್ಚಿ ಪ್ರಾರ್ಥನೆ ಮಾಡುವ ಅದೇ ಮುಖಗಳು. ಕಮಿಷನರಿಗೆ ನೆಗಡಿ. ಸೀನಿ, ಒರೆಸಿ, ಒರೆಸಿದ್ದನ್ನು ಬಿಡಿಸಿ ನೋಡಿ ಮಡಚಿಟ್ಟುಕೊಳ್ಳುತ್ತಿದ್ದ. ಆ ಕರವಸ್ತ್ರವನ್ನು ಪ್ರತಿವಾರ ಒಗೆಯುವವರು ನಾವೇ.

ಫಿಲೀನಾಳ ಗಂಡ ಎಲ್ಕೇನಾ ಚರ್ಚಿನ ಪುಸ್ತಕವನ್ನು ಎದೆಗವಚಿಕೊಂಡು ಬಂದಿದ್ದ. “ಸ್ವಾಮೀ, ಇವಳು ನನ್ ಹೆಂಡ್ತಿ ಫಿಲೀನಾ. ಹುಟ್ಟಿದ್ದು, ಹೆಸರಿಟ್ಟಿದ್ದು ಎಲ್ಲಾ ಇದ್ರಲ್ಲಿದೆ.”

“ಫಿಲೀನಾ ಅನ್ನೋಳು ಹುಟ್ಟಿರ್ಬಹುದಪ್ಪಾ, ಬೇಡ ಅಂದೋರ್ಯಾರು? ಅವಳೇ ಇವಳು ಅನ್ನೋದಕ್ಕೇನು?”

“ನಾನು ಗಂಡ, ನಾನೇ ಹೇಳ್ತಿದೀನಲ್ಲ!”

“ನೀನು ಹೇಳ್ದೇ ಇರ್ತೀಯಾ?” ಎಂದ ಕಮಿಷನರ್. ಜನ ಕಿಸಕ್ಕೆಂದರು.

ಫಿಲೀನಾ ಬಾಯಿ ತೆರೆದಳು. “ಸ್ವಾಮೀ, ಬೆಳಿಗ್ಗೆ ನಾನು ಹಂಗಂದಿದ್ದು...”

“ನೀನು ಮಾತಾಡೋ ಹಾಗಿಲ್ಲಮ್ಮಾ. ಕಾನೂನು.”

“ಬೆಳಿಗ್ಗೆ ನಾನಾಡಿದ್ನ ಬರ್ಕೊಂಡಿದೀರಲ್ಲ?”

“ಅದು ಬೆಳಿಗ್ಗೆ.”

ಥೂ! ಮೂವತ್ತು ವರ್ಷ ಈ ಊರಲ್ಲಿ ಬಾಳಿದವಳ ಬಾಯಿಂದ ಬಂದ ಮಾತುಗಳಲ್ಲಿ ಇವರ ಕಾನೂನಿಗೆ ಬೇಕಾಗಿದ್ದು ಆ ಒಂದೇ ಒಂದು. ಅದೂ ನನಗೋಸ್ಕರ ಆಡಿದ್ದು.

ಗ್ರೂಮ್ ದಣಿ ಬರೆದು ಕೊಟ್ಟ ಚಹರೆಯನ್ನು ಓದಿದರು. ಕಪ್ಪು ಹೆಂಗಸು, ಮೂವತ್ತರ ಆಸುಪಾಸು, ಎಡಗೈ ಕಿರುಬೆರಳು ಸೊಟ್ಟ. ಕಮಿಷನರ್ ಫಿಲೀನಾಳ ಎಡಗೈ ಹಿಡಿದು ತಿರುಗಿಸಿ ನೋಡಿದ. ಬೆರಳು ನೆಟ್ಟಗಿತ್ತು. “ಏಳು ವರ್ಷದಲ್ಲಿ ಸರಿಹೋಗಿರುತ್ತೆ” ಎಂದು ಮತ್ತೆ ಮೂಗೊರೆಸಿಕೊಂಡ.

ಇನ್ನು ತಡೆಯಲಾಗಲಿಲ್ಲ. ಎದ್ದುನಿಂತೆ. “ಸ್ವಾಮೀ, ಡಾರ್ಕಸ್ ನಾನು. ಅವಳಲ್ಲ. ಇಲ್ಲಿ ನೋಡಿ ಬೆರಳು.”

ಎಡಗೈ ಎತ್ತಿ ಹಿಡಿದೆ. ಪ್ರೌಟ್ ನನ್ನ ಬೆರಳನ್ನು ನೋಡಿದ, ಆಮೇಲೆ ಮುಖವನ್ನು ನೋಡಿದ. ಅವನಿಗೆ ಗೊತ್ತಾಯಿತು. ಗೊತ್ತಾಗಿದ್ದು ನನಗೂ ಕಂಡಿತು. ಆದರೆ ಬೈಬಲ್ ಮುಟ್ಟಿ ಫಿಲೀನಾಳೇ ಡಾರ್ಕಸ್ ಎಂದು ಆಗಲೇ ಆಣೆ ಮಾಡಿದ್ದ. ಈಗ ನನ್ನನ್ನು ತೋರಿಸಿದರೆ ಸುಳ್ಳಾಣೆಗೆ ಅವನೇ ಜೈಲಿಗೆ ಹೋಗಬೇಕು.

“ಏನಪ್ಪಾ ಪ್ರೌಟ್?” ಕಮಿಷನರ್ ಕೇಳಿದ.

“ಇವಳಲ್ಲ ಸ್ವಾಮಿ. ಆ ಓಣಿಯೋರು ಇರೋದೇ ಹಿಂಗೆ. ಯಾರ್ನ ಕೇಳ್ಕೊಂಡ್ ಹೋದ್ರೂ ನಾನೇ ನಾನೇ ಅಂತ ಬರ್ತಾರೆ.”

ಮಹಡಿಗೆ ಮಹಡಿಯೇ ಗೊಳ್ಳೆಂದಿತು. ನಾನು ಕೂಗಿದೆ, ಬೆರಳು ಅಲ್ಲಾಡಿಸಿದೆ, ನನ್ನ ದಣಿಯ ಹೆಂಡತಿಯ ಹೆಸರು, ಅವನ ನಾಯಿಯ ಹೆಸರು, ಎಲ್ಲ ಹೇಳಿದೆ. ಕಾನ್‌ಸ್ಟೇಬಲ್ ನನ್ನ ಭುಜ ಹಿಡಿದು ಅದುಮಿ ಕೂರಿಸಿದ. ಕಮಿಷನರ್ ಆಗಲೇ ಸಹಿ ಹಾಕುತ್ತಿದ್ದ.

“ಸುಮ್ನೆ ಕೂತ್ಕೊಳೇ ರುಹಾಮಾ” ಎಂದಳು ಫಿಲೀನಾ. ಬಟ್ಟೆ ಸರಿಯಾಗಿ ಹಿಂಡದಿದ್ದರೆ ಗದರುವ ಹಾಗೆಯೇ ಗದರಿದಳು. ಅವಳ ದನಿ ನಾನು ಕೇಳಿದ್ದು ಅದೇ ಕೊನೆ. ಹಿಂಬಾಗಿಲಿನಿಂದ ಇಳಿಸಿ ಗಾಡಿ ಹತ್ತಿಸಿಬಿಟ್ಟರು.

ಸಂಜೆ ಎಲ್ಕೇನಾ ನನ್ನ ಬಾಗಿಲಿಗೆ ಬಂದ. ಬೈಯುತ್ತಾನೆಂದು ಕಾದೆ. ಬೈದಿದ್ದರೆ ಚೆನ್ನಾಗಿರುತ್ತಿತ್ತು.

“ಡಾರ್ಕಸ್ ಸಿಕ್ಕಿದ್ಲು, ದಣಿಗೆ ಒಪ್ಪಿಸಿದೀವಿ ಅಂತ ಬರ್ದಾಯ್ತು. ಇನ್ನು ನಿನ್ನನ್ನ ಹುಡ್ಕೊಂಡು ಯಾರೂ ಬರಲ್ಲ” ಎಂದ. ಹೊಸ್ತಿಲು ದಾಟಿ ಹತ್ತಿರ ಬಂದ. “ನೀನು ಅವನ ಹತ್ರ ಬೆಳೆದವಳು. ಅವಳ ಮುಖ ನೋಡಿದ ಕೂಡ್ಲೇ ಇವಳಲ್ಲ ಅಂತ ಗ್ರೂಮ್‌ಗೆ ಗೊತ್ತಾಗುತ್ತಲ್ವಾ? ವಾಪಸ್ ಕಳಿಸ್ತಾನಲ್ವಾ? ಹೇಳು ತಾಯೀ.”

ನಾನು ಆ ದಣಿಯನ್ನು ಬಲ್ಲೆ. ನನ್ನ ತಂಗಿ ಸತ್ತ ವಾರದಲ್ಲೇ ಇನ್ನೊಂದು ಹುಡುಗಿಯನ್ನು ಕೊಂಡುತಂದು, ಸತ್ತವಳ ಹೆಸರಿನಿಂದಲೇ ಕೂಗಿ ಕೆಲಸಕ್ಕೆ ಹಚ್ಚಿದವನು ಅವನು. ನಮ್ಮಮ್ಮನ ಕಿವಿಗೆ ಬೀಳುವ ಹಾಗೆ ಕೂಗುತ್ತಿದ್ದ.

“ಅವನು ಮುಖ ನೋಡೋನಲ್ಲ ಎಲ್ಕೇನಾ” ಎಂದೆ. “ಗೇಯ್ತಾಳಾ ಇಲ್ವಾ ಅಷ್ಟೇ ನೋಡ್ತಾನೆ. ಅವಳು ನನಗಿಂತ ಚೆನ್ನಾಗಿ ಗೇಯ್ತಾಳೆ.”

ಅವನು ತಲೆಯಾಡಿಸಿ ಹೊರಟುಹೋದ.

ಆ ರಾತ್ರಿ ನನಗೆ ನಿದ್ದೆ ಬಂತು. ಏಳು ವರ್ಷದಲ್ಲಿ ಮೊದಲ ಸಲ, ಓಣಿಯ ಹೆಜ್ಜೆ ಸಪ್ಪಳಕ್ಕೆ ಬೆಚ್ಚಿಬೀಳದೆ, ಬೆಳಗಿನವರೆಗೂ ಗಾಢವಾಗಿ ಮಲಗಿದೆ. ಕಮಿಷನರನನ್ನು ನೆನೆದರೆ ಅಸಹ್ಯ, ಪ್ರೌಟನನ್ನು ನೆನೆದರೆ ಅಸಹ್ಯ, ನಕ್ಕ ಆ ಜನವನ್ನು ನೆನೆದರೂ ಅಸಹ್ಯ. ಅವರೆಲ್ಲರಿಗಿಂತ ನನಗೆ ಹೆಚ್ಚು ಹೇಸಿಗೆಯಾಗುವುದು ಆ ನಿದ್ದೆಯ ಮೇಲೆ.