ಮಾರಮ್ಮನ ಬಾಯಾರಿಕೆ

ಅಜ್ಜಂಪುರದ ಪಕ್ಕದ ಹಳ್ಳಿಯಲ್ಲಿ ಸಣ್ಣಬೀರಪ್ಪ ಹೆಂಡ ಕುಡಿಯುವುದನ್ನು ಎಲ್ಲರೂ ಕಂಡಿದ್ದರು. ಯಾಕೆ ಕುಡಿಯುತ್ತಾನೆಂದು ಅವನ ಹೆಂಡತಿ ದ್ಯಾಮಮ್ಮನೊಬ್ಬಳಿಗೇ ಗೊತ್ತಿತ್ತು. ಪ್ಲೇಗಿನಲ್ಲಿ ಸತ್ತ ಅಣ್ಣ ಈರಪ್ಪ ತೋಟದ ಬಾವಿಯೊಳಗಿಂದ ಹಗಲೆಲ್ಲ ಅವನನ್ನು ಕರೆಯುತ್ತಿದ್ದ. ಎರಡು ಕುಡಿಕೆ ಹೆಂಡ ಒಳಗೆ ಹೋದರೆ ಅಣ್ಣ ಬಾಯಿ ಮುಚ್ಚುತ್ತಿದ್ದ. ಈಚೆಗೆ ಆರು ಬೇಕಾಗುತ್ತಿತ್ತು.

ಊರಗೌಡ ರೇವಣಪ್ಪನಿಗೆ ಇದನ್ನೆಲ್ಲ ಕೇಳುವ ತಾಳ್ಮೆ ಇರಲಿಲ್ಲ. ಸಣ್ಣಬೀರಪ್ಪನನ್ನು ಮಾರಮ್ಮನ ಗುಡಿಗೆ ಎಳೆತರಿಸಿ, ತಾಯಿಯ ಭಂಡಾರದ ಅರಿಸಿನ ಮುಟ್ಟಿಸಿ, ಇನ್ನು ಕುಡಿಯುವುದಿಲ್ಲವೆಂದು ಆಣೆ ಮಾಡಿಸಿದ. ಒಬ್ಬ ಕುಡುಕನನ್ನು ಉದ್ಧಾರ ಮಾಡಿ ಊರು ನೆಮ್ಮದಿಯಾಗಿ ಉಂಡಿತು.

ಮೂರನೆಯ ದಿನ ಬೆಳಗ್ಗೆ ಸಣ್ಣಬೀರಪ್ಪ ಗಡಗಡ ನಡುಗಿದ. ಮೈಮೇಲೆ ಇಲ್ಲದ ಇರುವೆಗಳನ್ನು ಕೊಡವಿಕೊಂಡ. "ಬಂದೆ ಕಣಣ್ಣಾ, ಬಂದೆ" ಎಂದು ಬಾವಿಯ ಕಡೆ ಓಡಿದ. ದ್ಯಾಮಮ್ಮ ಅವನ ಸೊಂಟ ಹಿಡಿದು ಕೂಗಿಕೊಂಡಳು. ಓಡಿಬಂದ ಜನ ಆ ನಡುಕ ನೋಡಿದವರೇ ಕೈಮುಗಿದರು. ಮಾರಮ್ಮ ಮೈಮೇಲೆ ಬರುತ್ತಿದ್ದ ಪೂಜಾರಿ ಸತ್ತು ಎರಡು ವರ್ಷವಾಗಿತ್ತು; ತಾಯಿ ಬೇರೆ ಯಾರ ಮೈಮೇಲೂ ಬಂದಿರಲಿಲ್ಲ.

"ಗೌಡ್ರೇ, ಇದು ದೇವ್ರಲ್ಲ, ಕಾಯ್ಲೆ ಕಣ್ರೀ. ತರೀಕೆರೆ ಆಸ್ಪತ್ರೆಗೆ ಗಾಡಿ ಕಟ್ಸಿ" ಎಂದಳು ದ್ಯಾಮಮ್ಮ.

"ಬಾಯ್ಮುಚ್ಚಮ್ಮಾ! ತಾಯಿ ಮನೆಬಾಗ್ಲಿಗೆ ಬಂದವ್ಳೆ, ನಿಂಗೆ ಡಾಕ್ಟ್ರು ಬೇಕಾ?"

ಗುಡಿಯ ಗದ್ದುಗೆಯ ಮೇಲೆ ಅವನನ್ನು ಕೂರಿಸಿದರು. ಮಾರಮ್ಮ ಮೈದುಂಬಿದಾಗ ಮೊದಲು ಹೆಂಡ ಕೊಡಬೇಕು. ತಾತನ ಕಾಲದ ಪದ್ಧತಿ. ಗೌಡನೇ ಮಡಕೆಯನ್ನು ಸಣ್ಣಬೀರಪ್ಪನ ಬಾಯಿಗೆ ಹಿಡಿದ.

"ಆಣೆ ಏನಾಯ್ತು ಗೌಡ್ರೇ?"

"ಆಣೆ ಮಾಡ್ದೋನು ನಿನ್ ಗಂಡ. ಈಗ ಕುಡೀತಿರೋಳು ತಾಯಿ."

ನಡುಕ ನಿಂತಿತು. ತಾಯಿ ಶಾಂತಳಾದಳೆಂದು ಜನ ಉಘೇ ಎಂದರು. ಮಂಗಳವಾರ, ಶುಕ್ರವಾರ ಎಂದು ಶುರುವಾದದ್ದು ತಿಂಗಳೊಳಗೆ ದಿನವೂ ಆಯಿತು. ತಾಯಿಯ ಬಾಯಾರಿಕೆ ಹೆಚ್ಚುತ್ತಲೇ ಹೋಯಿತು.

"ಗುಡಿಯೊಳಕ್ಕೂ ಬಂದವ್ನೆ ಕಣೇ ಅಣ್ಣ" ಎಂದ ಸಣ್ಣಬೀರಪ್ಪ ಒಂದು ದಿನ ಹೆಂಡತಿಯ ಹತ್ತಿರ. "ಈಗ ಹೆಂಡಕ್ಕೂ ಸುಮ್ನಾಗಲ್ಲ. ಬಾವಿಗೆ ಬಾ ಅಂತಾನೆ."

ಮರುದಿನ ಅಪ್ಪಣೆ ಕೇಳುವವರ ಸಾಲಿನಲ್ಲಿ ದ್ಯಾಮಮ್ಮನೂ ನಿಂತಳು. ಸರದಿ ಬಂದಾಗ ಊರಿಗೆಲ್ಲ ಕೇಳುವಂತೆ ಕೇಳಿದಳು: "ತಾಯೀ, ನನ್ ಗಂಡನ್ನ ತರೀಕೆರೆ ಡಾಕ್ಟ್ರ ಹತ್ರ ಕರ್ಕೊಂಡ್ ಹೋಗ್ಲಾ?"

ಗದ್ದುಗೆಯ ಮೇಲಿದ್ದವನು ಅವಳನ್ನೇ ನೋಡಿದ. "ಬೇಗ ಕರ್ಕೊಂಡ್ ಹೋಗೇ" ಎಂದಿತು ದೇವರು, ಅಳುತ್ತ.

ತಾಯಿಯ ಅಪ್ಪಣೆ ಮೀರಲು ಗೌಡನಿಗೂ ಧೈರ್ಯವಿಲ್ಲ. ಮುಖ ಗಂಟಿಕ್ಕಿಕೊಂಡೇ ಗಾಡಿ ಕಟ್ಟಿಸಿದ, ತಮಟೆ ಹೊಡೆಸಿದ, ತುಂಬಿದ ಮಡಕೆಯೊಂದನ್ನು ತಂದ. "ದಾರೀಲಿ ತಾಯಿಗೆ ಬಾಯಾರ್ಬಾರ್ದು."

ಅದನ್ನು ಅವನ ತಲೆಯ ಮೇಲೇ ಒಡೆಯಬೇಕೆನ್ನಿಸಿತು ದ್ಯಾಮಮ್ಮನಿಗೆ. ಆದರೆ ಆ ಮೂರನೆಯ ದಿನದ ನಡುಕ ಅವಳಿಗೆ ಮರೆತಿರಲಿಲ್ಲ. ಹೆಂಡವಿಲ್ಲದೆ ಈ ಮನುಷ್ಯ ತರೀಕೆರೆ ಮುಟ್ಟುವುದಿಲ್ಲ. ಮಡಕೆ ಇಸಿದುಕೊಂಡು ಗಾಡಿ ಹತ್ತಿದಳು, ಒಂದು ತೊಟ್ಟೂ ಚೆಲ್ಲದಂತೆ ಮಡಿಲಲ್ಲಿ ಅವಚಿಕೊಂಡು ಕೂತಳು.

ಅವಳ ಭಕ್ತಿ ನೋಡಿ ಊರೆಲ್ಲ ಕೈಮುಗಿಯಿತು.