ಸ್ಥಳೀಯರು ಯಾರೂ ಸಿಗಲಿಲ್ಲ

ಮುಲ್ಗಾರಾದಲ್ಲಿ ಹೊರಗಿನವನೊಬ್ಬನಿಗೆ ಕಾಯಂ ನೆಲೆ ಸಿಗಬೇಕಾದರೆ ಮೊದಲು ಒಂದು ಮಾತು ಸಾಬೀತಾಗಬೇಕು: ಈ ಕೆಲಸಕ್ಕೆ ಈ ಸೀಮೆಯಲ್ಲಿ ಒಂದು ನರಪಿಳ್ಳೆಯೂ ಸಿಗಲಿಲ್ಲ ಅಂತ. ಧಣಿ ನಾಲ್ಕು ವಾರ ಜಾಹೀರಾತು ಹಾಕಬೇಕು, ಯಾರೂ ಬರಲಿಲ್ಲವೆಂದು ಪ್ರಾಂತ್ಯದ ಸಮಿತಿಗೆ ಬರೆಯಬೇಕು. ಸಮಿತಿ ತಲೆಯಾಡಿಸಿದರೆ ಹೊರಗಿನವನ ಹೆಸರು ಮೇಲಕ್ಕೆ, ಸರ್ಕಾರಕ್ಕೆ ಹೋಗುತ್ತದೆ. ಗೋಧಿ ತುಂಬುವ ಉಕ್ಕಿನ ಕಣಜಗಳನ್ನು ಕಟ್ಟುವ ನೆವಿಲ್ ಟ್ರಾಸ್ಕ್ ಕಾನೂನಿಗೆ ಬಹಳ ಮರ್ಯಾದೆ ಕೊಡುವ ಮನುಷ್ಯ. ಜಾಹೀರಾತು ಹಾಕಿದ್ದ. ಯಾರೂ ತೆರೆಯದ ಒಂದು ಜಾಲತಾಣದ ಮೂಲೆಯಲ್ಲಿ, ಹಳೇ ದೋಣಿಗಳ ಮಾರಾಟದ ಕೆಳಗೆ.

ಹೊರಗಿನವನೆಂದರೆ ಕ್ರಿಸಾಂಟೊ ಮಗ್ಬಾನ್ವಾ, ಫಿಲಿಪೀನ್ಸಿನ ಇಲೋಯಿಲೋದಿಂದ ಬಂದ ವೆಲ್ಡರ್. ನಾಲ್ಕು ವರ್ಷದಿಂದ ನೆವಿಲ್ಲನ ಶೆಡ್ಡಿನಲ್ಲೇ ಇದ್ದ. ನವೆಂಬರಿಗೆ ವೀಸಾ ಮುಗಿಯುತ್ತಿತ್ತು. ಸಮಿತಿಯ ಕಾಗದ ಬರದಿದ್ದರೆ ಅವನೂ, ವೃದ್ಧಾಶ್ರಮದ ಅಡುಗೆಮನೆಯಲ್ಲಿ ದುಡಿಯುವ ಹೆಂಡತಿ ಮಾರಿವಿಕ್ಕಳೂ, ಇಲ್ಲಿಯ ಶಾಲೆಯಲ್ಲೇ ಅಕ್ಷರ ಕಲಿತ ಮಗಳೂ ಗಂಟುಮೂಟೆ ಕಟ್ಟಬೇಕು.

"ನಮ್ಮ ಕ್ರಿಸ್ ಮನೆಮಗ ಇದ್ದಂಗೆ" ಎಂದು ನೆವಿಲ್ ಕ್ಲಬ್ಬಿನಲ್ಲಿ ಬಿಯರ್ ಎತ್ತಿ ಹೇಳುತ್ತಿದ್ದ. ಮನೆಮಗನಿಗೆ ಭಾನುವಾರವೂ ಕೆಲಸ. ಮನೆಮಗ ಶೆಡ್ಡಿನಲ್ಲಿ ಕಾಲು ಸುಟ್ಟುಕೊಂಡರೆ ಆಸ್ಪತ್ರೆಯಲ್ಲಿ ಹೇಳಬೇಕಾದ್ದು, ಮನೆಯಲ್ಲಿ ಬಾಣಲೆ ಮಗುಚಿತು ಅಂತ.

ಜಾಹೀರಾತಿನ ಕೊನೆಯ ದಿನ, ಶುಕ್ರವಾರ, ಕ್ರಿಸಾಂಟೊ ಬೆಳಿಗ್ಗೆ ಮೇರಿಮಾತೆಯ ಪಟದ ಮುಂದೆ ನಿಂತು "ಯಾರೂ ಬರದೆ ಇರಲಿ ತಾಯಿ" ಎಂದು ಬೇಡಿಕೊಂಡಿದ್ದ. ಇನ್ನೊಬ್ಬರ ಹೊಟ್ಟೆಯ ಮೇಲೆ ಹೊಡೆಯುವ ಪ್ರಾರ್ಥನೆ. ಮಾತೆ ಕೇಳಿಸಿಕೊಳ್ಳಲಿಲ್ಲ. ಹನ್ನೊಂದು ಗಂಟೆಗೆ ಶೆರಿಲ್ ಡಾಸನ್ ಬಂದಳು.

ಶೆರಿಲ್ ಆ ಮಣ್ಣಿನ ಮೂಲದವಳು. ಮುಲ್ಗಾರಾಕ್ಕೆ ಬಿಳಿಯರು ಬೇಲಿ ಹಾಕುವುದಕ್ಕೆ ಎಷ್ಟೋ ಕಾಲ ಮುಂಚಿನಿಂದ ಅವಳ ಜನ ಅಲ್ಲಿಯವರೇ. ನೆವಿಲ್ಲನ ಜೊತೆ ಶಾಲೆಗೆ ಹೋದವಳು.

"ನೆವಿಲ್, ವೆಲ್ಡರ್ ಬೇಕಂತಲ್ಲ? ನಾನು ಬಂದೆ."

"ಶೆರಿಲ್! ಎಷ್ಟು ವರ್ಷ ಆಯ್ತು! ಅಯ್ಯೋ, ಅದು ಬಹಳ ಕಷ್ಟದ ಕೆಲಸ ಕಣೆ."

"ಹೌದಾ? ಆರು ವರ್ಷ ಗಣೀಲಿ ಲಾರಿಗಳ ಹೊಟ್ಟೆ ಕೆಳಗೆ ಮಲಗಿ ವೆಲ್ಡಿಂಗ್ ಮಾಡಿದೀನಿ. ಅದೇನು ಹೂ ಕಟ್ಟೋ ಕೆಲಸನಾ? ಅಮ್ಮಂಗೆ ಹುಷಾರಿಲ್ಲ, ಊರಲ್ಲೇ ಇರಬೇಕು."

ಟ್ರೇಲರ್ ರಿಪೇರಿಗೆ ಬಂದಿದ್ದ ಇಬ್ಬರು ರೈತರು ಕಿಸಕ್ಕನೆ ನಕ್ಕರು. ಅವರೆದುರು ಅವಳನ್ನು ಓಡಿಸುವಂತಿರಲಿಲ್ಲ. ನೆವಿಲ್ ಎದೆಯ ಮೇಲೆ ಕೈಯಿಟ್ಟುಕೊಂಡ. "ಪರೀಕ್ಷೆ ಕೊಡು. ಕ್ರಿಸ್ ನೋಡ್ತಾನೆ, ನಾನು ಮೂಗು ತೂರಿಸಲ್ಲ. ನ್ಯಾಯ ಅಂದ್ರೆ ನ್ಯಾಯ."

ಅವಳು ಎರಡು ದಪ್ಪ ಫಲಕಗಳನ್ನು ಬೆಸೆದಳು. ಕ್ರಿಸಾಂಟೊ ಬೆಸುಗೆಗೆ ಅಡ್ಡಲಾಗಿ ಎರಡು ಪಟ್ಟಿ ಕತ್ತರಿಸಿ ಪ್ರೆಸ್ಸಿಗೆ ಇಟ್ಟು ಬಗ್ಗಿಸಿದ. ಬೆಸುಗೆ ಕೆಟ್ಟದಾಗಿದ್ದರೆ ಅಲ್ಲೇ ಬಾಯಿ ಬಿಡುತ್ತದೆ. ಎರಡೂ ಕುದುರೆಲಾಳದಂತೆ ಬಾಗಿದವು, ಕೂದಲೆಳೆಯಷ್ಟೂ ಬಿರುಕಿಲ್ಲ. ಶೆರಿಲ್ ಕೈತೊಳೆದು ಹೊರಟುಹೋದ ಮೇಲೆ ನೆವಿಲ್ ಅವನನ್ನು ಆಫೀಸಿಗೆ ಕರೆದು ಪರೀಕ್ಷೆಯ ಹಾಳೆ ಮುಂದಿಟ್ಟ.

"ಬಿರುಕು ಬಿಡ್ತು ಅಂತ ಬರಿ."

"ಬಿಡಲಿಲ್ಲವಲ್ಲ ಬಾಸ್."

"ನವೆಂಬರ್ ನೆನಪಿದೆಯಾ?"

"ಅವಳು ಚೆನ್ನಾಗಿ ಮಾಡ್ತಾಳೆ ಬಾಸ್. ತಗೊಂಡ್ರೆ ನಿಮಗೇನು ಕಷ್ಟ?"

"ಅವಳಾ? ಮೊದಲನೇ ವಾರವೇ ಯೂನಿಯನ್ನಿಗೆ ಫೋನ್ ಮಾಡ್ತಾಳೆ. ಭಾನುವಾರ ಬಾ ಅಂದ್ರೆ ಮುಖಕ್ಕೆ ಉಗಿದು ಅಮ್ಮನ ಮನೇಲಿ ಕೂತ್ಕೋತಾಳೆ. ನೀನು ಹಾಗಲ್ಲ ಮೇಟ್. ನಿನಗೆ ಹೋಗೋಕೆ ಜಾಗ ಇಲ್ಲ. ಅದೇ ನಿನ್ನ ದೊಡ್ಡ ಗುಣ."

ನಾಲ್ಕು ವರ್ಷ ಕ್ರಿಸಾಂಟೊ ತನ್ನ ಕೈಕೆಲಸಕ್ಕೆ ಬೆಲೆಯಿದೆ ಅಂದುಕೊಂಡಿದ್ದ. ಬೆಲೆಯಿದ್ದದ್ದು ಕೊರಳ ಹಗ್ಗಕ್ಕೆ. ಅವನು ಪೆನ್ನು ತೆಗೆದು "ಪಾಸ್" ಎಂದು ಬರೆದು ಸಹಿ ಹಾಕಿದ.

ನೆವಿಲ್ ಓದಿದ, ಗಹಗಹಿಸಿ ನಕ್ಕ, ಹಾಳೆಯನ್ನು ಮುದುಡಿ ಬುಟ್ಟಿಗೆಸೆದ. ಸಮಿತಿಯ ಫಾರಂ ಎಳೆದುಕೊಂಡು, ಅರ್ಜಿ ಹಾಕಿದ ಸ್ಥಳೀಯರು ಎಷ್ಟು ಎಂಬಲ್ಲಿ ದೊಡ್ಡದೊಂದು ಸೊನ್ನೆ ಸುತ್ತಿದ. "ನಿನ್ನ ಸಹಿ ಯಾರಿಗೆ ಬೇಕಿತ್ತೋ? ನಿನ್ನ ಕೈಗೂ ಒಂಚೂರು ಮಸಿ ಹತ್ತಲಿ ಅಂತಿದ್ದೆ, ಅಷ್ಟೆ. ಹೋಗು, ಕೆಲಸ ನೋಡು. ಸೋಮವಾರ ನಿನ್ನ ಹೆಸರೇ ಹೋಗುತ್ತೆ."

ಎಂಥ ಸುಖದ ವ್ಯವಸ್ಥೆ! ಕ್ರಿಸಾಂಟೊನ ಸತ್ಯವೂ ಉಳಿಯಿತು, ಕಾಗದವೂ ಬರುತ್ತದೆ. ಅವನು ಶೆಡ್ಡಿನ ಹಿಂದೆ ನಿಂತು ಹೆಂಡತಿಗೆ ಫೋನ್ ಮಾಡಿ ನಡೆದದ್ದನ್ನು ಹೇಳಿದ.

"ಚೆನ್ನಾಗಿ ಮಾಡಿದಳಾ ಅವಳು?" ಎಂದಳು ಮಾರಿವಿಕ್.

"ನನಗಿಂತ ಚೆನ್ನಾಗಿ."

"ಮತ್ತೆ ನನ್ನ ಯಾಕೆ ಕೇಳ್ತೀಯ? ನಾನು ಸುಮ್ಮನಿರು ಅಂದ್ರೆ ಆ ಪಾಪದ ಹೊರೇನ ನನ್ನ ತಲೆಗೆ ಕಟ್ಟಬಹುದು ಅಂತಲಾ? ನನಗೆ ಬೇಡಪ್ಪ ಅದು. ನೀನೇ ಹೊತ್ಕೋ."

ಸಂಜೆ ಅವನು ಆ ಎರಡು ಪಟ್ಟಿಗಳನ್ನೂ ಬುಟ್ಟಿಯಿಂದ ಹೆಕ್ಕಿಕೊಂಡ ಮುದುಡಿದ ಹಾಳೆಯನ್ನೂ ಶೆರಿಲ್ಲಳ ತಾಯಿಯ ಜಗಲಿಗೆ ಒಯ್ದ.

"ಅಕ್ಕಾ, ನೀನು ಪಾಸಾಗಿದೀಯ. ಅವನು ಸಮಿತಿಗೆ ಯಾರೂ ಬರಲೇ ಇಲ್ಲ ಅಂತ ಬರೆದಿದಾನೆ."

ಶೆರಿಲ್ ಹಾಳೆಯನ್ನು ತೊಡೆಯ ಮೇಲೆ ಸವರಿ ಓದಿದಳು. "ಅವನ ಮುತ್ತಜ್ಜನೂ ಈ ನೆಲಕ್ಕೆ ಬೇಲಿ ಹಾಕೋಕೆ ಬಂದಾಗ ಇದನ್ನೇ ಬರೆದಿದ್ದ, ಇಲ್ಲಿ ಯಾರೂ ಇಲ್ಲ ಅಂತ. ವಂಶದ ಕಸುಬು." ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಇದನ್ನ ತೋರಿಸಿದ್ರೆ ನಿನ್ನ ಕಾಗದ ಹಾಳಾಗುತ್ತೆ. ಗೊತ್ತಾ?"

"ಗೊತ್ತು."

"ಥ್ಯಾಂಕ್ಸ್ ಹೇಳಿಸ್ಕೊಳಕ್ಕೆ ಬಂದ್ಯಾ?"

"ಇಲ್ಲ."

"ಒಳ್ಳೇದು, ಹೇಳಲ್ಲ. ಕೇಳು ತಮ್ಮಾ, ನಾನೊಬ್ಬಳೇ ಹೋದ್ರೆ ಈ ಕಬ್ಬಿಣ ಎಲ್ಲಿಂದ ಕದ್ದೆ ಅಂತಾರೆ. ಇದನ್ನ ನನ್ನ ಮಡಿಲಿಗೆ ಹಾಕಿ ಜಾರ್ಕೋಬೇಡ. ಸೋಮವಾರ ನೀನೂ ಬಾ. ನೀನೇ ಬಾಯಿ ಬಿಟ್ಟು ಹೇಳು."

ಕ್ರಿಸಾಂಟೊ ಜಾರಿಕೊಳ್ಳಲೆಂದೇ ಬಂದಿದ್ದ. ಅವಳು ಅದನ್ನು ಕಂಡುಬಿಟ್ಟಿದ್ದಳು.

ಸೋಮವಾರ ಒಂಬತ್ತಕ್ಕೆ ಇಬ್ಬರೂ ಸಮಿತಿಯ ಕಿಟಕಿಯ ಮುಂದೆ ನಿಂತರು. ಕ್ರಿಸಾಂಟೊ ಎಲ್ಲವನ್ನೂ ಹೇಳಿದ. ಗಾಜಿನಾಚೆಯ ಹೆಂಗಸು ಕನ್ನಡಕ ಸರಿಮಾಡಿಕೊಂಡಳು.

"ಅಂದ್ರೆ ನಿಮ್ಮ ನಾಮನಿರ್ದೇಶನದ ಮೇಲೆ ನೀವೇ ದೂರು ಕೊಡ್ತಿದೀರಾ?"

"ಹೌದು ಮೇಡಂ."

"ಇದಕ್ಕೆ ಫಾರಂ ಇಲ್ಲವಲ್ಲ."

ಸುಳ್ಳಿಗೆ ಮೂರು ಪ್ರತಿಯ ಫಾರಂ ಇದ್ದ ಕಚೇರಿ ಅದು.

"ಬಿಳಿ ಹಾಳೆ ಇದೆಯಾ?" ಎಂದಳು ಶೆರಿಲ್. "ಕೊಡು ಇತ್ಲಾಗೆ."

ಹಾಳೆ ಬಂತು. ಕ್ರಿಸಾಂಟೊ ಕುರ್ಚಿ ಎಳೆದುಕೊಂಡು ಬರೆಯತೊಡಗಿದ. ಗಾಜಿನಾಚೆ ಆ ಹೆಂಗಸು ಫೋನೆತ್ತಿ, ತಗ್ಗಿದ ದನಿಯಲ್ಲಿ "ನೆವಿಲ್?" ಎಂದದ್ದು ಕೇಳಿಸಿತು. ಅವನು ತಲೆಯೆತ್ತಲಿಲ್ಲ. ಮುಂದಿನ ಸಾಲು ಬರೆದ.