ರಟ್ಟಿನಡಿಯ ಕಿವಿ

ಎಡಗಿವಿಗೆ ಬಿಸಿಗಾಳಿ ತಾಕಿತು, ಏನಿಲ್ಲ, ಗ್ಯಾಲರಿಯ ಹುಡುಗಿ ಜೋಸಲಿನ್ ಹೇರ್ ಡ್ರೈಯರ್ ಹಿಡಿದು ಹಳೇ ಫೋಟೋದ ರಟ್ಟಿನ ಅಂಟು ಸಡಿಲಿಸುತ್ತಿದ್ದಾಳೆ, ಆದರೂ ಎಪ್ಪತ್ತೆರಡು ವರ್ಷದ ವರ್ನೆಲ್ ಕೈ ತಾನಾಗಿಯೇ ಕಿವಿಗೆ ಹೋಯಿತು — ಕಿವಿ ಹಿಡ್ಕೊಳ್ಳೇ, ಅಲ್ಲಾಡಿದ್ರೆ ಸುಟ್ಕೋತೀಯ, ಅಮ್ಮನ ಗದರಿಕೆ, ಶನಿವಾರದ ಅಡುಗೆಮನೆ, ಒಲೆಯ ಮೇಲೆ ಕಾಯುತ್ತಿರುವ ಕಬ್ಬಿಣದ ಬಾಚಣಿಗೆ, ಅಮ್ಮನ ಮೊಣಕಾಲುಗಳ ನಡುವೆ ಸಿಕ್ಕಿಬಿದ್ದ ಒಂಬತ್ತು ವರ್ಷದ ವರ್ನೆಲ್, ಗುಂಗುರು ಕೂದಲು ಚುರ್ ಎಂದು ನೇರವಾಗುತ್ತದೆ, ನಾಳೆ ಚರ್ಚು, ಚರ್ಚು ಮುಗಿದ ಮೇಲೆ ಫೋಟೋ, ಅವಳು ಅಲ್ಲಾಡಿದಳು, ಸುಟ್ಟಿತು, ಕಿವಿಯ ತುದಿಯಲ್ಲಿ ಅಲಸಂದೆ ಕಾಳಿನಷ್ಟು ಗಾಯ, ಅಮ್ಮ ಬೆಣ್ಣೆ ಸವರಿ ಊದಿದಳು, ಊದುತ್ತಲೇ ಬೈದಳು. ಆ ಫೋಟೋವೇ ಇದು. ಮೆಂಫಿಸ್ಸಿನ ಈ ಗ್ಯಾಲರಿಯಲ್ಲಿ ವರ್ನೆಲ್ ಫೋಟೋ ತೆಗೆದ ನಲವತ್ತು ಹೆಂಗಸರು ಆಗಲೇ ಗೋಡೆ ಏರಿದ್ದಾರೆ, ಬಟ್ಟೆ ಒಗೆದವರು, ಪಾಠ ಹೇಳಿದವರು, ಹಕ್ಕಿಗಾಗಿ ಮೆರವಣಿಗೆ ಹೋಗಿ ಜೈಲು ಕಂಡವರು, ಒಬ್ಬರ ಮೈಬಣ್ಣವನ್ನೂ ತಿಳಿ ಮಾಡಿಲ್ಲ, ಎಲ್ಲರೂ ತಮ್ಮ ತಮ್ಮ ಕಪ್ಪಿನಲ್ಲೇ, ಎಲ್ಲವೂ ಕಪ್ಪುಬಿಳುಪು, ಬಣ್ಣ ಹಚ್ಚಿದ ಚಿತ್ರವೆಂದರೆ ಅವಳಿಗಾಗದು. ಒಂದು ಜಾಗ ಮಾತ್ರ ಖಾಲಿ. ಮಿಸ್ ವರ್ನೆಲ್, ಇದನ್ನ ಹಾಕೋಣ್ವಾ ಬೇಡ್ವಾ, ಸಂಜೆ ಜನ ಬರ್ತಾರೆ, ಹುಡುಗಿ ಬೆಳಗಿನಿಂದ ಮೂರನೇ ಸಲ ಕೇಳುತ್ತಿದ್ದಾಳೆ, ಹೇಗೆ ಹಾಕುವುದು, ಇದರಲ್ಲಿ ಇರುವವಳು ತಾನು ಅಲ್ಲವೇ ಅಲ್ಲ.

ಅಮ್ಮ ಲುವೀನಿಯಾ ಫೋಟೋಗಳಿಗೆ ಬಣ್ಣ ಹಚ್ಚುವವಳು, ಸ್ಟುಡಿಯೋದವರು ಕಳಿಸಿದ್ದಕ್ಕೆಲ್ಲ ಊಟದ ಮೇಜಿನ ಮೇಲೆ, ಕಡ್ಡಿಗೆ ಹತ್ತಿ ಸುತ್ತಿಕೊಂಡು, ಲುವೀನಿಯಾ, ನನ್ ಮುಖ ಒಂಚೂರು ತಿಳಿ ಮಾಡಮ್ಮ ಎಂದು ಬರುವ ಚರ್ಚಿನ ಹೆಂಗಸರು, ಮಾಡ್ತೀನಿ ಬಿಡು, ಆದ್ರೆ ನಿನ್ ಗಂಡನಿಗೆ ಗುರುತು ಸಿಗ್ಬೇಕಲ್ವಾ, ನಗು, ಟರ್ಪೆಂಟೈನ್ ವಾಸನೆ, ಎಂಥಾ ದಿನಗಳವು, ಆ ಮೇಜಿನ ಪಕ್ಕ ಕೂತೇ ಅಲ್ಲವೇ ಅವಳು ಮುಖ ನೋಡಲು ಕಲಿತದ್ದು — ಆ ಅಮ್ಮನೇ ಮಗಳ ಮುಖಕ್ಕೂ ತಿಳಿ ಜೇನಿನ ಬಣ್ಣ ಬಳಿದಳು, ಡೆಟ್ರಾಯಿಟ್ ಅಜ್ಜಿಗೆ ಕಳಿಸೋದು ಕಣೇ, ಅವರಿಗೆ ಹಂಗೇ ಬೇಕಂತೆ, ಸುಮ್ನಿರು. ಅಜ್ಜಿ ಸತ್ತ ಮೇಲೆ ಫೋಟೋ ವಾಪಸು ಬಂತು, ಆಗ ಇಪ್ಪತ್ತು ವರ್ಷ ವರ್ನೆಲ್‌ಗೆ, ಕೂದಲನ್ನು ಅದರ ಪಾಡಿಗೆ ಗುಂಗುರು ಬಿಟ್ಟಿದ್ದಳು, ನನ್ನ ಕಂಡ್ರೆ ನಿಂಗೆ ನಾಚಿಕೆ ಅಲ್ವಾ ಎಂದು ಕೂಗಿದಳು, ಅಮ್ಮ ಹತ್ತಿಕಡ್ಡಿ ಕೆಳಗಿಟ್ಟು ಕೈ ಒರೆಸಿಕೊಂಡಳು, ಸಾಯುವ ತನಕ ಆ ಫೋಟೋದ ಮಾತೆತ್ತಲಿಲ್ಲ — ಬಿಡ್ತು ನೋಡಿ ಮಿಸ್ ವರ್ನೆಲ್, ಜೋಸಲಿನ್ ಕೈಯಲ್ಲಿ ಮುಖ ಮಾತ್ರ ಕಾಣುವಂತೆ ಮೊಟ್ಟೆಯಾಕಾರದ ಕಿಂಡಿ ಕೊರೆದು ಅಂಟಿಸಿದ್ದ ರಟ್ಟು ಕಳಚಿ ಬಂದಿದೆ, ಅದರಡಿ ಇಷ್ಟು ವರ್ಷ ಮುಚ್ಚಿಹೋಗಿದ್ದ ಕತ್ತು, ಕಿವಿ, ಕಪ್ಪು, ಕಪ್ಪಿನೊಳಗೆ ಕೆಂಗಂದು, ಪಕ್ಕದಲ್ಲಿ ವರ್ನೆಲ್ ತನ್ನ ಕೈಯಿಟ್ಟು ನೋಡಿದಳು, ಅದೇ ಬಣ್ಣ, ಕೈತಪ್ಪಿ ಬಿದ್ದದ್ದಲ್ಲ, ಅಮ್ಮ ಮನಸ್ಸಿಟ್ಟು ಕಲೆಸಿ ಹಚ್ಚಿದ್ದು, ಅಜ್ಜಿಗೆ ಕಾಣದ ಜಾಗದಲ್ಲಿ, ಅಮ್ಮಾ, ಒಂದು ಮಾತು ಹೇಳಬಾರದಿತ್ತೇ, ರಟ್ಟು ಬೇಡ ಜೋಸಲಿನ್, ಹೀಗೇ ಹಾಕ್ಬಿಡು ಎನ್ನುತ್ತಾಳೆ, ಫೋಟೋದ ಮೇಲೆ ಬಗ್ಗುತ್ತಾಳೆ, ಅದರಲ್ಲಿನ ಎಡಗಿವಿಯ ತುದಿಯಲ್ಲಿ, ಸಣ್ಣ ಕುಂಚದಲ್ಲಿ, ಕೆಂಪು, ಅದರ ಮೇಲೆ ಬೆಣ್ಣೆಯ ಹೊಳಪು, ಅಲಸಂದೆ ಕಾಳಿನಷ್ಟು —